ಚಸ್ಕಾ ಬೈಕಿನ ಹೊಟ್ಟೆಯಲ್ಲಿ ನೀರು

“ಅಲ್ಲಾಡಿಸಬೇಡಿ ದೊನ್ ಅಡೆಮಾರ್. ಕೈ ನಡುಗ್ತಿದ್ರೆ ಕೆಳಗಿಡಿ.”

ಅಡೆಮಾರ್ ಗಾಜಿನ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಾಟಲಿಯೊಳಗೆ ಪೆಟ್ರೋಲು ನಿಧಾನವಾಗಿ ತಿರುಗಿ, ಸುಸ್ತಾಗಿ, ನಿಂತಿತು. ನಿಂತ ಮೇಲೆ ನೋಡಿದರೆ ಅದು ಒಂದಲ್ಲ, ಎರಡು. ಮೇಲೆ ತಿಳಿ ಹಳದಿ. ತಳದಲ್ಲಿ ಎರಡು ಬೆರಳಿನಷ್ಟು ಕಲಕು ನೀರು.

ಬೆನಿತಾ ಸಿರ್ಪಾ ತನ್ನ ದುಂಡು ಟೋಪಿಯನ್ನು ಹಿಂದಕ್ಕೆ ಸರಿಸಿ, ಕಣ್ಣನ್ನು ಬಾಟಲಿಗೆ ತಾಗಿಸುವಷ್ಟು ಹತ್ತಿರ ತಂದಳು. ಟ್ರಾಫಿಕ್ ಪೊಲೀಸಿನಲ್ಲಿದ್ದಾಗ ಇದೇ ಕಣ್ಣಿಗೆ ಲಾರಿಯವರು ಹೆದರುತ್ತಿದ್ದರು. ಈಗ ನಿವೃತ್ತಿಯಾಗಿ, ಕೇಳಿಕೊಂಡು ಬಂದವರ ಕೇಸುಗಳನ್ನು ಹಿಡಿದು ಓಡಾಡುತ್ತಾಳೆ. ಹೆದರಿಕೆ ಮಾತ್ರ ಹಾಗೇ ಉಳಿದಿದೆ.

ಮೂರು ಹೊಸ ಚಸ್ಕಾ ಬೈಕುಗಳು, ಮೂರೂ ಪಾಲ್ಮಾರ್ ಹೊಳೆ ದಾಟಿ ಏರು ಹತ್ತುವಾಗಲೇ ಉಸಿರು ನಿಲ್ಲಿಸಿದವು. ಮೂರನೆಯದು ಎಲಿಯೇಸರ್ ಮೇಷ್ಟ್ರನ್ನು ಹೊಳೆಗೆ ಬೀಳಿಸಿ ಕೊಂದೇಬಿಟ್ಟಿತು. ಅಂದಿನಿಂದ ಕರನಾವಿ ಊರಿಗೆಲ್ಲ ಅಪರಾಧಿ ಯಾರೆಂದು ಗೊತ್ತಿತ್ತು. ಬೈಕು ಮಾರಿದ ಅಡೆಮಾರ್. ಬೆಳಗಿನಿಂದ ಅವನ ಅಂಗಡಿಯ ಶಟರಿಗೆ ಕೊಳೆತ ಕಿತ್ತಳೆ ಬೀಳುತ್ತಿದ್ದವು. ನಮ್ಮೂರಲ್ಲಿ ಕಿತ್ತಳೆಗೇನು ಬರವೇ? ಸಿಟ್ಟು ತೀರಿಸಿಕೊಳ್ಳಲು ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

“ಇದು ಏರಲ್ಲಿ ಬಿದ್ದ ಹಿಲಾರಿಯೋ ಗಾಡಿಯ ಟ್ಯಾಂಕಿಂದು ತಾನೆ?” ಎಂದು ಕೇಳಿದಳು ಬೆನಿತಾ.

“ಹೌದು. ಈ ಕಡೇದು ಪ್ರುದೆನ್ಸಿಯಾದು. ಅದರಲ್ಲೂ ಹೀಗೇ ನೀರು. ದೊನ್ಯಾ ಬೆನಿತಾ, ನಿಮ್ಮ ಕಾಲಿಗೆ ಬೀಳ್ತೀನಿ, ಪೆಟ್ರೋಲ್ ಬಂಕಿನವನೇ ನೀರು ಬೆರೆಸಿದಾನೆ. ನನ್ನ ಗಾಡೀಲಿ ಏನೂ ಐಬಿಲ್ಲ!”

“ಬಂಕಿಂದ ನಿನ್ನೆ ಹಿಡಿದು ತಂದೆ. ಕನ್ನಡಿ ಥರ ಇದೆ. ಬಂಕಿನವನಿಗೆ ಬಾಯಿ ಹೊಲಸು, ಪೆಟ್ರೋಲು ಹೊಲಸಲ್ಲ.”

“ಹಾಗಾದ್ರೆ ಮಳೆ. ಮಳೆ ನೀರು ಇಳಿದಿರುತ್ತೆ.”

“ಮಳೆ ಎಲ್ಲರ ಗಾಡಿ ಮೇಲೂ ಬಿತ್ತಲ್ಲ. ನೀವು ಮಾರಿದ ಬಾಕಿ ಗಾಡಿಗಳು ಮಾರ್ಕೆಟ್ಟಿಗೂ ತೋಟಕ್ಕೂ ಗಡಗಡ ಅಂತ ಓಡ್ತಾನೇ ಇವೆ.”

“ನನ್ನನ್ನೇ ಅನುಮಾನಿಸ್ತೀರಾ? ನಿಮ್ಮನ್ನ ಕರೆಸಿದ್ದೇ ನಾನು!”

“ಕರೆಸಿದವನನ್ನೇ ಮೊದಲು ಅನುಮಾನಿಸೋದು ನನ್ನ ಅಭ್ಯಾಸ. ಬೇಜಾರು ಮಾಡ್ಕೋಬೇಡಿ, ನೀವು ಕರೆಸದೇ ಇದ್ದಿದ್ರೆ ಇನ್ನೂ ಜಾಸ್ತಿ ಅನುಮಾನಿಸ್ತಿದ್ದೆ.”

ಅವಳು ಬಾಟಲಿಯನ್ನು ಎತ್ತಿ ಒಂದು ಕಡೆಗೆ ವಾಲಿಸಿದಳು. ತಳದ ನೀರು ಜಾರಿಕೊಂಡು ಮೂಲೆಗೆ ಹೋಗಿ ಸೇರಿತು. ಬೈಕಿನಲ್ಲೂ ಇದೇ ಆಗುತ್ತದೆ. ಸಮತಟ್ಟಿನಲ್ಲಿ ಓಡುವಾಗ ನೀರು ಟ್ಯಾಂಕಿನ ತಳದಲ್ಲಿ ಹರಡಿಕೊಂಡು ಸುಮ್ಮನಿರುತ್ತದೆ. ಏರು ಹತ್ತಿ ಮೂತಿ ಮೇಲಾಯಿತೋ, ಎಲ್ಲ ನೀರೂ ಹಿಂದಕ್ಕೆ ನುಗ್ಗುತ್ತದೆ. ಚಸ್ಕಾದಲ್ಲಿ ಇಂಜಿನ್ನಿಗೆ ಪೆಟ್ರೋಲು ಇಳಿಯುವ ಪೈಪು ಇರುವುದೂ ಹಿಂದೆಯೇ. ಇಂಜಿನ್ನಿಗೆ ಪೆಟ್ರೋಲಿನ ಬದಲು ನೀರು ಕುಡಿಸಿದರೆ ಅದು ಎಲ್ಲಿ ಓಡೀತು?

ಗಾಡಿ ಎಲ್ಲಿ ನಿಂತಿತು, ಯಾಕೆ ಅಲ್ಲೇ ನಿಂತಿತು ಎನ್ನುವುದು ಈಗ ತಿಳಿಯಿತು. ನೀರು ಒಳಗೆ ಬಂದದ್ದು ಹೇಗೆ ಎನ್ನುವುದು ತಿಳಿಯಲಿಲ್ಲ.

ಬೆನಿತಾ ಮೇಲಿನ ಪೆಟ್ರೋಲನ್ನು ಬಸಿದು, ತಳದ ನೀರನ್ನು ಬೆರಳಿಗೆ ಹನಿಸಿಕೊಂಡು ಮೂಸಿದಳು. ಪೆಟ್ರೋಲು ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು. ಹುಳಿ ಬಂದ ಹಿಟ್ಟಿನದು.

“ಆ ಮುಚ್ಚಳ ಕೊಡಿ ಇಲ್ಲಿ.”

ಟ್ಯಾಂಕಿನ ಮುಚ್ಚಳವನ್ನು ಮಗುಚಿ, ಒಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಎಬ್ಬಿಸಿದಳು. ಅದರ ಕೆಳಗೆ ಏನೋ ಅಂಟಿಕೊಂಡಿತ್ತು. ತಲೆಗೂದಲಿನ ಪಿನ್ನು ಕಿತ್ತು ಅದರ ತುದಿಯಿಂದ ಕೆರೆದಳು. ಗುಲಾಬಿ ಬಣ್ಣದ, ದುಂಡನೆಯ, ಪುಟ್ಟ ಕಾಗದದ ಚೂರು.

ಪ್ರುದೆನ್ಸಿಯಾಳ ಗಾಡಿಯ ಮುಚ್ಚಳದಲ್ಲೂ ಅಂಥದೇ ಎರಡು ಸಿಕ್ಕವು. ಒಂದು ಹಸಿರು, ಒಂದು ಹಳದಿ.

ಅಡೆಮಾರ್ ಬಗ್ಗಿ ನೋಡಿ, “ಇದೇನು, ಹಬ್ಬದ ಬಣ್ಣದ ಕಾಗದ. ಎಲ್ಲಾ ಗಾಡಿ ಮೇಲೂ ಎರಚ್ತಾರಲ್ಲ” ಎಂದ.

“ಮೇಲೆ ಎರಚ್ತಾರೆ. ಇದು ಒಳಗಿದೆ,” ಎಂದಳು ಬೆನಿತಾ.

ಅಷ್ಟರಲ್ಲಿ ಹಿಂದಿನ ಗೇಟಿನಲ್ಲಿ ಸದ್ದಾಯಿತು. ಆರ್ಮಿಂದಾ ತನ್ನ ಹೊಚ್ಚ ಹೊಸ ಹಳದಿ ಚಸ್ಕಾವನ್ನು ತಳ್ಳಿಕೊಂಡು ಒಳಗೆ ಬಂದಳು. ಬೆವರು ಇಳಿದು ನರ್ಸಿನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಹೊಸ ಬೈಕನ್ನು ಯಾರಾದರೂ ಊರ ನಡುವೆ ತಳ್ಳಿಕೊಂಡು ಬರುತ್ತಾರೆಯೇ? ಶೋರೂಮಿನಿಂದ ಹೊರಬಂದ ಮೇಲೆ ಅವಳು ಅದನ್ನು ಒಮ್ಮೆಯೂ ಸ್ಟಾರ್ಟ್ ಮಾಡಿರಲಿಲ್ಲ.

“ನಗಬೇಡಿ ಅಕ್ಕಾ. ದಾರಿ ಉದ್ದಕ್ಕೂ ಎಲ್ಲರೂ ನಕ್ಕಾಯ್ತು.”

“ನಾನ್ಯಾಕೆ ನಗಲಿ? ಬುದ್ಧಿ ಇರೋಳು ನೀನೊಬ್ಬಳೇ. ಸ್ಟ್ಯಾಂಡ್ ಹಾಕಿ ಕೂತ್ಕೋ.”

ಆರ್ಮಿಂದಾ ಕೂರಲಿಲ್ಲ. ಅವಳು ಪಾಲ್ಮಾರಿನ ಆರೋಗ್ಯ ಕೇಂದ್ರದ ಒಬ್ಬಳೇ ನರ್ಸು. ಮಳೆಗೆ ರಸ್ತೆ ಕುಸಿದ ಮೇಲೆ ಆ ಕಡೆಗೆ ಜೀಪು ಹೋಗುವುದಿಲ್ಲ. ಡಾಂಬರಿಗೂ ಸೈ, ಕೆಸರಿಗೂ ಸೈ ಎನ್ನುವ ಇಂಥ ಬೈಕು ಮಾತ್ರ ಹೋದೀತು.

“ಪಾಲ್ಮಾರಿಂದ ನೀವೆಸ್ ಮನೆಯ ಆಳು ಮತ್ತೆ ಸಿಗ್ನಲ್ ಸಿಗೋ ಗುಡ್ಡ ಹತ್ತಿ ಫೋನ್ ಮಾಡಿದ್ದ. ಕಾಲು ಊದಿಕೊಂಡಿದೆಯಂತೆ, ತಲೆ ಸಿಡೀತಿದೆಯಂತೆ, ಕಣ್ಣು ಮಂಜಾಗ್ತಿದೆಯಂತೆ. ತುಂಬು ಬಸುರಿ ಅಕ್ಕಾ. ಇಂಜೆಕ್ಷನ್ ಈ ಪೆಟ್ಟಿಗೇಲಿದೆ, ನಾನು ಇಲ್ಲಿದೀನಿ, ಅವಳು ಅಲ್ಲಿದಾಳೆ,” ಎಂದಳು. “ನೀವು ಹೂಂ ಅಂದ್ರೆ ಗಾಡೀಲಿ ಹೋಗ್ತೀನಿ. ಊಹೂಂ ಅಂದ್ರೆ ನಡೆದೇ ಹೋಗ್ತೀನಿ. ಆದ್ರೆ ನಡೆದ್ರೆ ತಲುಪೋದು ನಾಳೆ.”

ನಾಳೆ ಎಂದರೆ ತಡ. ಅಡೆಮಾರ್ ನೆಲ ನೋಡಿದ.

“ಊರವರು ಹಳೇ ಜಪಾನ್ ಗಾಡಿ ಸಾಕು ಅಂದ್ರು. ನಾನೇ ಹಠ ಹಿಡಿದೆ,” ಎಂದು ಆರ್ಮಿಂದಾ ಮುಂದುವರಿಸಿದಳು. “ಹಳೇದಾದ್ರೆ ಯಾರು ಎಲ್ಲಿ ಬೀಳಿಸಿದಾರೋ, ಏನು ಮುಚ್ಚಿಟ್ಟಿದಾರೋ ಗೊತ್ತಾಗಲ್ಲ. ಹೊಸದಾದ್ರೆ ಮೊದಲ ದಿನದಿಂದ ನನ್ನ ಕೈಯಲ್ಲೇ ಇರುತ್ತೆ ಅಂದೆ. ಸೀಟಿನ ಎತ್ತರ ನೋಡಿದೆ. ಬಿಡಿಭಾಗ ಇಲ್ಲೇ ಸಿಗುತ್ತಾ ಕೇಳಿದೆ. ಸೈಲೆನ್ಸರ್ ಎಷ್ಟು ನೀರು ತಡೆಯುತ್ತೆ ಕೇಳಿದೆ. ಮಧ್ಯ ದಾರೀಲಿ ಕೈಕೊಡುತ್ತಾ ಅಂತ ಮಾತ್ರ ಕೇಳಲಿಲ್ಲ. ಹೊಸ ಗಾಡೀನ ಯಾರು ಹಾಗೆ ಕೇಳ್ತಾರೆ?”

“ಕೇಳಿದ್ರೂ ಇವರು ಇಲ್ಲ ಅಂತಿದ್ರು,” ಎಂದಳು ಬೆನಿತಾ, ಅಡೆಮಾರ್ ಕಡೆ ನೋಡದೆ.

ಅವಳು ಆರ್ಮಿಂದಾಳ ಬೈಕಿನ ಪೈಪು ಕಳಚಿ ಒಂದು ಲೋಟ ಪೆಟ್ರೋಲು ಹಿಡಿದು, ಪೈಪನ್ನು ಮತ್ತೆ ಸಿಕ್ಕಿಸಿದಳು. ತಿಳಿ ಹಳದಿ. ತಳದಲ್ಲಿ ಏನೂ ಇಲ್ಲ. ಮುಚ್ಚಳದ ವಾಷರಿನ ಕೆಳಗೂ ಏನೂ ಇಲ್ಲ.

“ಈ ಗಾಡೀನ ಯಾರ್ಯಾರು ಮುಟ್ಟಿದಾರೆ?”

“ನಾನು, ದೊನ್ ಅಡೆಮಾರ್. ಅಷ್ಟೇ.”

ಹಿಲಾರಿಯೋನೂ ಹೀಗೇ ಹೇಳಿದ್ದ. ಕಾಫಿ ಕೊಳ್ಳಲು ಹೋಗುವಾಗ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವನು, ಗಾಡಿ ಬೀಗ ಹಾಕಿ ಮನೆಯೊಳಗೇ ಇತ್ತು, ನರಪಿಳ್ಳೆ ಮುಟ್ಟಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟಿದ್ದ. ಜೇನು ಮಾರುವ ಪ್ರುದೆನ್ಸಿಯಾ ಇನ್ನೂ ಜೋರು. ಗಂಡನಿಗೂ ಮುಟ್ಟಲು ಬಿಟ್ಟಿಲ್ಲ ಎಂದಿದ್ದಳು.

“ಚಾಲ್ಯಾ ಆಯ್ತಾ?” ಎಂದು ಕೇಳಿದಳು ಬೆನಿತಾ.

ನಮ್ಮಲ್ಲಿ ಹೊಸ ಗಾಡಿ ಬಂದರೆ ಹಾರ ಹಾಕಿ, ಬಣ್ಣದ ಕಾಗದ ಎರಚಿ, ಭೂತಾಯಿಗೊಂದು ಪಾಲು, ಚಕ್ರಕ್ಕೊಂದು ಪಾಲು ಎಂದು ಬಿಯರ್ ಎರೆದು, ಪಟಾಕಿ ಹೊಡೆಯದೆ ರಸ್ತೆಗಿಳಿಸುವುದಿಲ್ಲ. ಅದೇ ಚಾಲ್ಯಾ. ಅದನ್ನು ಮಾಡಿಸುವವನು ಗಾಡಿಯ ಧರ್ಮಪಿತ. ಮಗುವಿಗೆ ಇದ್ದಂತೆ ಗಾಡಿಗೂ ಒಬ್ಬ ಇರಬೇಕು.

“ಎಲ್ಲಿ ಅಕ್ಕಾ? ಇವತ್ತು ಶುಕ್ರವಾರ ಅಲ್ವಾ, ಸಂಜೆಗೆ ಇಟ್ಕೊಂಡಿದ್ದೆ. ಧರ್ಮಪಿತ ಬರ್ತಾರೆ.”

“ಅವರು ಗಾಡಿ ಮುಟ್ಟಲ್ವಾ?”

ಆರ್ಮಿಂದಾಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಧರ್ಮಪಿತ ಮುಟ್ಟೋದು ಅಂದ್ರೇನು? ಅವರು ಮನೆಯವರು!”

ಬೆನಿತಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬಾಯಿಯ ಒಂದು ಬದಿಯಲ್ಲಿದ್ದ ಕೋಕಾ ಎಲೆಯ ಉಂಡೆಯನ್ನು ಇನ್ನೊಂದು ಬದಿಗೆ ಸರಿಸಿದಳು. ಇಷ್ಟು ದಿನ ಎಲ್ಲರನ್ನೂ ಯಾರು ಮುಟ್ಟಿದರು, ಯಾರು ಮುಟ್ಟಿದರು ಎಂದು ಕೇಳುತ್ತಲೇ ಇದ್ದಳು. ಎಲ್ಲರೂ ಯಾರೂ ಇಲ್ಲ ಎಂದೇ ಹೇಳಿದ್ದರು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಧರ್ಮಪಿತನನ್ನು ಹೊರಗಿನವರ ಲೆಕ್ಕಕ್ಕೆ ಸೇರಿಸುವ ಮನೆ ನಮ್ಮಲ್ಲಿ ಯಾವುದಿದೆ?

“ನಿನ್ನ ಗಾಡಿಗೆ ಧರ್ಮಪಿತ ಯಾರು?”

“ದೊನ್ ಕುಸ್ತೋದಿಯೋ. ಹಳೇ ಲಾರಿ ಡ್ರೈವರು. ಅವರ ಕೈ ಒಳ್ಳೇದು ಅಂತ ಎಲ್ಲರೂ ಕರೀತಾರೆ. ಹಿಲಾರಿಯೋ ಗಾಡಿಗೂ ಅವರೇ.”

“ಪ್ರುದೆನ್ಸಿಯಾ ಗಾಡಿಗೆ?”

ಉತ್ತರ ಕೊಟ್ಟವನು ಅಡೆಮಾರ್. ಅವನ ದನಿ ತಗ್ಗಿತ್ತು. “ಅವರೇ. ನನ್ನ ಅಂಗಡಿ ಮುಂದೇನೇ ಮಾಡಿದ್ರು.”

ಬೆನಿತಾ ಲೋಟವನ್ನು ಕೆಳಗಿಟ್ಟಳು. “ಆರ್ಮಿಂದಾ, ಪೆಟ್ಟಿಗೆ ಕಟ್ಕೊಂಡು ರೆಡಿಯಾಗಿರು. ಫೋನ್ ಕೈಯಲ್ಲೇ ಇರಲಿ. ನಾನು ಹೇಳೋವರೆಗೂ ಟ್ಯಾಂಕಿನ ಮುಚ್ಚಳಕ್ಕೆ ದೇವರೇ ಬಂದ್ರೂ ಕೈ ಹಾಕಿಸಬೇಡ.”

*

ದೊನ್ ಕುಸ್ತೋದಿಯೋ ಮನೆಯ ಮುಂದೆ ಕಾಫಿ ಸಿಪ್ಪೆ ಒಣಗಲು ಹಾಕಿ, ಕೋಳಿ ಓಡಿಸುತ್ತಾ ಕುಳಿತಿದ್ದ. ಎತ್ತರದ ಆಳು, ಈಗ ಬಾಗಿದ್ದಾನೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಒಬ್ಬನೇ. ಆದರೆ ಜಗಲಿಯ ಗೋಡೆಯ ತುಂಬ ಫೋಟೋಗಳು. ಒಂದೊಂದರಲ್ಲೂ ಹಾರ ಹಾಕಿದ ಒಂದು ಬಸ್ಸೋ ಲಾರಿಯೋ ಬೈಕೋ, ಪಕ್ಕದಲ್ಲಿ ಬಿಯರ್ ಬಾಟಲಿ ಹಿಡಿದು ನಗುವ ಕುಸ್ತೋದಿಯೋ.

“ಬಾ ಮಗಳೇ, ಬಾ! ಸಂಜೆ ಚಾಲ್ಯಾಕ್ಕೆ ನೀನೂ ಬರ್ತೀಯಾ? ಸುಲ್ತಾನಾ ಕುಡಿ, ಈಗಷ್ಟೇ ಕುದಿಸಿದೆ.”

ಕಾಫಿ ಸಿಪ್ಪೆಯ ಆ ಬಿಸಿ ಕಷಾಯವನ್ನು ಬೆನಿತಾ ಬೇಡ ಎನ್ನಲಿಲ್ಲ. ಠಾಣೆ ತುಂಬ ಕಳ್ಳರನ್ನು ಬೈದು ಬಾಯಿ ಬಿಡಿಸಿದವಳಿಗೆ, ಈ ಮುಖದ ಮುಂದೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಎರಡು ಗುಟುಕು ಕುಡಿದಳು.

“ದೊನ್ ಕುಸ್ತೋದಿಯೋ, ನೀವು ಚಾಲ್ಯಾ ಮಾಡೋದನ್ನ ನಾನು ಯಾವತ್ತೂ ಹತ್ತಿರದಿಂದ ನೋಡಿಲ್ಲ. ಎಲ್ಲರೂ ಹೊಗಳ್ತಾರೆ. ಒಂದ್ಸಲ ತೋರಿಸಿ.”

ಮುದುಕನ ಮುಖ ಅರಳಿತು. ಗೋಡೆಗೆ ಒರಗಿಸಿದ್ದ ಹಳೇ ಸೈಕಲ್ಲನ್ನು ಎಳೆದು ನಡುವೆ ನಿಲ್ಲಿಸಿದ. ಖಾಲಿ ಬಾಟಲಿಯೊಂದನ್ನು ಕೈಗೆ ತೆಗೆದುಕೊಂಡ. ಬೆನ್ನು ತಾನಾಗಿ ನೆಟ್ಟಗಾಯಿತು.

“ಇದೇ ಗಾಡಿ ಅಂತ ಇಟ್ಕೋ. ಮೊದಲು ಭೂತಾಯಿಗೆ. ಅವಳು ಕುಡೀದೆ ಯಾರೂ ಕುಡೀಬಾರದು. ಆಮೇಲೆ ಮುಂದಿನ ಚಕ್ರ, ದಾರಿ ತಪ್ಪದೇ ಇರಲಿ ಅಂತ. ಹಿಂದಿನ ಚಕ್ರ, ಮನೆಗೆ ವಾಪಸ್ ಬರಲಿ ಅಂತ. ದೀಪಕ್ಕೆ ಒಂದು ಹನಿ. ಹ್ಯಾಂಡಲಿಗೆ ಒಂದು ಹನಿ, ಓಡಿಸೋನ ಕೈ ಗಟ್ಟಿ ಇರಲಿ ಅಂತ. ಅಷ್ಟು ಎಲ್ಲರೂ ಮಾಡ್ತಾರೆ,” ಎಂದು ತುಸು ಗರ್ವದಿಂದ ನಿಂತ. “ಕೊನೇದು ಮಾತ್ರ ನನ್ನದು.”

“ಯಾವುದು?”

“ಹೊಟ್ಟೆಗೆ.” ಅವನು ಸೈಕಲ್ಲಿನ ಮೇಲೆ, ಟ್ಯಾಂಕು ಇರಬೇಕಾದ ಜಾಗದಲ್ಲಿ, ಇಲ್ಲದ ಮುಚ್ಚಳವನ್ನು ತಿರುಗಿಸಿ ತೆಗೆದ. ಬಾಟಲಿಯನ್ನು ಬಗ್ಗಿಸಿದ. “ಮೈಗೆಲ್ಲ ಎರೆದು ಬಾಯಿಗೆ ಕೊಡದೇ ಇದ್ರೆ ಆಗುತ್ತಾ? ಅದಕ್ಕೂ ಜೀವ ಇದೆ. ಒಂದು ದೊಡ್ಡ ಗುಟುಕು. ನನ್ನ ಲಾರಿಗೆ ವರ್ಷಾ ವರ್ಷಾ ಕುಡಿಸ್ತಿದ್ದೆ. ಈ ಬೆಟ್ಟದ ದಾರೀಲಿ ಒಂದು ದಿನ, ಒಂದೇ ಒಂದು ದಿನ, ನನ್ನ ಕೈಬಿಡಲಿಲ್ಲ ಅದು!”

ಬೆನಿತಾ ಲೋಟವನ್ನು ಕೆಳಗಿಟ್ಟಳು. “ನಿಮ್ಮ ಲಾರಿ ಟ್ಯಾಂಕಿನ ಕೆಳಗೆ ತಳದ ನೀರು ಬಿಡೋ ಕಾಕ್ ಇತ್ತಾ?”

“ಇಲ್ಲದೆ? ಬೆಳಿಗ್ಗೆ ಎದ್ದ ತಕ್ಷಣ ಅದನ್ನ ಬಿಚ್ಚಿ ತಳದ ಕಸ, ನೀರು ಎಲ್ಲ ಬಿಡೋದು. ಅದು ಡ್ರೈವರ್ ಆದವನ ಮೊದಲ ಕೆಲಸ.”

“ಚಸ್ಕಾಕ್ಕೆ ಅಂಥಾ ಕಾಕ್ ಇಲ್ಲ ದೊನ್ ಕುಸ್ತೋದಿಯೋ.”

ಅವನು ನಕ್ಕ. ನಗು ಪೂರ್ತಿ ಆಗುವ ಮುಂಚೆಯೇ ಅವಳ ಮುಖ ನೋಡಿದ. ಬಾಟಲಿ ಹಿಡಿದ ಕೈ ಕೆಳಗಿಳಿಯಿತು.

“ನೀವು ಎರೆದ ಬಿಯರ್ ಹೊರಗೆ ಹೋಗೋಕೆ ದಾರಿ ಇಲ್ಲ. ತಳದಲ್ಲೇ ಕೂತಿರುತ್ತೆ. ಏರು ಬಂದಾಗ ಇಂಜಿನ್ನಿಗೆ ಹೋಗುತ್ತೆ,” ಎಂದು ಅವಳು ಆದಷ್ಟು ಮೆಲ್ಲಗೆ ಹೇಳಿದಳು. “ಹಿಲಾರಿಯೋ ಟ್ಯಾಂಕಲ್ಲಿ ಬಿಯರ್ ಸಿಕ್ತು. ಪ್ರುದೆನ್ಸಿಯಾ ಟ್ಯಾಂಕಲ್ಲೂ.”

ಕೋಳಿಯೊಂದು ಬಂದು ಸಿಪ್ಪೆಯ ರಾಶಿಯನ್ನು ಕೆದಕಿತು. ಅದನ್ನು ಓಡಿಸುವವರು ಯಾರೂ ಇರಲಿಲ್ಲ.

“ಹಿಲಾರಿಯೋ ಕಾಲು...” ಎಂದ ಮುದುಕ.

“ಕೂತ್ಕೊಳ್ಳಿ.”

“ನಾನು ಆಸ್ಪತ್ರೆಗೆ ಹೋಗಿದ್ದೆ ಮಗಳೇ. ಕಿತ್ತಳೆ ತಗೊಂಡು ಹೋಗಿದ್ದೆ. ಅವನ ಹಾಸಿಗೆ ಪಕ್ಕ ಕೂತು ಆ ಅಡೆಮಾರನ್ನ ಬೈದೆ. ಕಳ್ಳ ಮಾಲು ಮಾರ್ತಾನೆ ಅಂದೆ. ಬೆಳಿಗ್ಗೆ ಅವನ ಅಂಗಡಿಗೆ ಎಸೆಯೋಕೆ ನಾಲ್ಕು ಹಣ್ಣು ನಾನೇ ಕೊಟ್ಟು ಕಳಿಸಿದೆ!” ಅವನು ಬಾಟಲಿಯನ್ನು ಕೆಳಗಿಟ್ಟ. “ಅವನ ಕಾಲು ಮುರಿದವನು ನಾನು.”

“ನೀವು ಬೇಕು ಅಂತ ಮಾಡಿದ್ದಲ್ಲ.”

“ಬೇಕು ಅಂತ ಮಾಡಿದ್ರೆ ಬೈಯೋಕಾದ್ರೂ ಒಬ್ಬ ಸಿಕ್ತಿದ್ದ.”

ಅವನು ಅತ್ತ. ವಯಸ್ಸಾದ ಗಂಡಸು ಹಾಗೆ ಬಾಯಿ ಬಿಟ್ಟು ಅಳುವುದನ್ನು ನೋಡುವುದು ಕಷ್ಟ. ಗೋಡೆಯ ಮೇಲಿನ ಫೋಟೋಗಳಲ್ಲಿ ಅವನು ನಗುತ್ತಲೇ ಇದ್ದ. ಇನ್ನೊಂದು ಹೆಸರು ಬಾಕಿ ಇತ್ತು, ಸತ್ತವನ ಹೆಸರು. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಇವತ್ತೇ, ಈಗಲೇ, ಈ ಮುದುಕನ ತಲೆಗೆ ಒಂದು ಸಾವನ್ನೂ ಕಟ್ಟಬೇಕೇ? ಎರಡು ನಿಮಿಷ ಉಸಿರಾಡಲಿ ಎಂದು ಅದನ್ನು ನುಂಗಿಕೊಂಡಳು.

ಫೋನು ಬಡಿದುಕೊಂಡಿತು. ಆರ್ಮಿಂದಾ.

“ಅಕ್ಕಾ, ನೀವೆಸ್‌ಗೆ ಒಂದ್ಸಲ ಫಿಟ್ಸ್ ಬಂತಂತೆ. ನಾನು ಇನ್ನು ಕಾಯೋಕಾಗಲ್ಲ. ಏನು ಹೇಳ್ತೀರಾ? ಹೂಂ, ಊಹೂಂ?”

ಬೆನಿತಾ ಮುದುಕನನ್ನು ನೋಡಿದಳು. ಬಾಟಲಿಗಳನ್ನು ನೆನೆದಳು. ಎಲ್ಲ ಕೂಡಿ ಬರುತ್ತಿತ್ತು. ನೀರು, ಹುಳಿ ವಾಸನೆ, ಬಣ್ಣದ ಕಾಗದ, ಏರು. ಗಾಡಿಯಲ್ಲಿ ದೋಷವಿರಲಿಲ್ಲ. ದೋಷ ಹೊರಗಿನಿಂದ, ಪ್ರೀತಿಯಿಂದ, ಒಳಗೆ ಬಂದಿತ್ತು. ಆರ್ಮಿಂದಾಳ ಟ್ಯಾಂಕು ತಿಳಿಯಾಗಿತ್ತು.

“ಹೂಂ. ಹೊರಡು,” ಎಂದಳು. “ಗಾಡಿ ಸರಿಯಾಗಿದೆ. ಟ್ಯಾಂಕಿಗೆ ಪೆಟ್ರೋಲು ಬಿಟ್ಟು ಬೇರೇನೂ ಹೋಗಬಾರದು, ಅಷ್ಟೇ.”

“ನಿಜವಾಗಲೂ?”

“ನಾನು ಹೇಳ್ತಿದೀನಲ್ಲ ತಾಯೀ.”

ಆ ಕಡೆ ಒಂದು ದೊಡ್ಡ ನಿಟ್ಟುಸಿರು. ಆಮೇಲೆ ತಡವರಿಸುವ ದನಿ. “ಚಾಲ್ಯಾ ಆಗಿಲ್ಲ ಅಕ್ಕಾ. ಹಾಗೇ ಹೊಳೆ ದಾಟಿಸಲಾ? ದೊನ್ ಕುಸ್ತೋದಿಯೋ ಬೇಜಾರು ಮಾಡ್ಕೋತಾರೆ.”

ಬೆನಿತಾ ಫೋನನ್ನು ಮುದುಕನ ಮುಂದೆ ಹಿಡಿದಳು. ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದ.

“ಹೋಗು ಮಗಳೇ. ಭೂತಾಯಿಗೆ ನಾನು ಇಲ್ಲೇ ಎರೀತೀನಿ, ಅವಳು ಎಲ್ಲಾ ಕಡೆ ಒಬ್ಬಳೇ. ಗಾಡಿಗೆ ಏನೂ ಬೇಡ. ಒಂದು ಹನೀನೂ ಬೇಡ.”

ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು. ಹೊಸ ಗಾಡಿ, ಒಂದೇ ಕಿಕ್ಕಿಗೆ ಹತ್ತಿಕೊಂಡಿತು. ಆರ್ಮಿಂದಾ ನಕ್ಕಳು. ಎಷ್ಟೋ ದಿನದ ಮೇಲಿನ ನಗು ಅದು. ಬಾಳೆ ತೋಟದ ತಿರುವಿನ ನಂತರ ಸಿಗ್ನಲ್ ಇರಲ್ಲ, ತಲುಪಿದ ಮೇಲೆ ಯಾರ ಕೈಲಾದ್ರೂ ಹೇಳಿ ಕಳಿಸ್ತೀನಿ ಎಂದು ಕೂಗಿ ಇಟ್ಟಳು.

ಮುದುಕ ಒಳಗಿನಿಂದ ನಿಜವಾದ ಬಿಯರ್ ಬಾಟಲಿ ತಂದು, ಮನೆಯ ಮುಂದಿನ ಮಣ್ಣಿಗೆ ಎರೆದ. ಅವನ ತುಟಿ ಅಲುಗುತ್ತಿತ್ತು. ಆರ್ಮಿಂದಾಳ ಹೆಸರು, ನೀವೆಸ್‌ಳ ಹೆಸರು, ಹುಟ್ಟಬೇಕಾದ ಮಗುವಿಗೆ ಹೆಸರಿಲ್ಲದ್ದರಿಂದ ಬರೀ ಮಗು ಎಂದ. ಬೆನಿತಾ ಟೋಪಿ ತೆಗೆದು ನಿಂತಳು. ಕೇಸು ಮುಗಿಯಿತು ಎನ್ನುವಾಗ ಬರುವ ಹಗುರ ಇವತ್ತು ಬರಲಿಲ್ಲ. ಬಾಕಿ ಇದ್ದ ಆ ಒಂದು ಹೆಸರನ್ನು ಹೇಳದೆ ಅದು ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಾಟಲಿ ಮುಗಿದ ಮೇಲೆ ಮುದುಕನೇ ಮಾತು ತೆಗೆದ.

“ನಾಳೆ ಬೆಳಿಗ್ಗೆ ಹಿಲಾರಿಯೋ ಹತ್ರ ಹೋಗಿ ತಪ್ಪೊಪ್ಕೋತೀನಿ. ಪ್ರುದೆನ್ಸಿಯಾ ಹತ್ರಾನೂ. ಅವಳು ಹೊಡೆದ್ರೂ ಹೊಡೀಲಿ. ಆಮೇಲೆ ಅಡೆಮಾರ್ ಅಂಗಡಿ ಶಟರು ನಾನೇ ತೊಳೀತೀನಿ. ನೀನೂ ಜೊತೇಲಿ ಬರ್ತೀಯಾ?”

“ಬರ್ತೀನಿ.” ಬೆನಿತಾ ಅವನ ಪಕ್ಕ ಕುಳಿತು ಅವನ ಮೊಣಕೈ ಹಿಡಿದುಕೊಂಡಳು. “ಇನ್ನೊಂದು ಮನೆಗೂ ಹೋಗಬೇಕು ದೊನ್ ಕುಸ್ತೋದಿಯೋ. ಎಲಿಯೇಸರ್ ಮೇಷ್ಟ್ರ ಹೆಂಡತಿ ಹತ್ರ. ನಿಮಗೆ ಕಷ್ಟ ಆಗುತ್ತೆ, ಗೊತ್ತು. ನಾನೇ ಮೊದಲು ಮಾತಾಡ್ತೀನಿ.”

ಅವನು ಮತ್ತೆ ಅಳುತ್ತಾನೆ ಎಂದುಕೊಂಡಿದ್ದಳು. ಅವನು ಅಳಲಿಲ್ಲ. ತಿರುಗಿ ಅವಳನ್ನೇ ನೋಡಿದ.

“ಹೋಗೋಣ. ಪಾಪ, ಮಾತಾಡಿಸೋಕೆ ಹೋಗಲೇಬೇಕು. ಆದ್ರೆ ತಪ್ಪೊಪ್ಕೊಳ್ಳೋದು ಯಾಕೆ?”

“ಅವರ ಗಾಡೀನೂ...”

“ಎಲಿಯೇಸರ್ ಗಾಡಿಗೆ ನಾನೆಲ್ಲಿ ಧರ್ಮಪಿತ?”

ಬೆನಿತಾಳ ಕೈ ಅವನ ಮೊಣಕೈ ಮೇಲೆ ಹಾಗೇ ಇತ್ತು. “ಹಾಗಾದ್ರೆ ಯಾರು?”

“ಯಾರೂ ಇಲ್ಲ. ಅವರು ಪ್ರಾರ್ಥನಾ ಸಭೆಯವರು ಅಲ್ವೇನಮ್ಮಾ! ಅವರು ಕುಡಿಯಲ್ಲ, ಕುಡಿಸಲ್ಲ, ಚಾಲ್ಯಾ ಅಂದ್ರೆ ಸೈತಾನನ ಕೆಲಸ ಅಂತಾರೆ. ನಾನು ಕೇಳಿದ್ದೆ, ಬರಲಾ ಮೇಷ್ಟ್ರೇ ಅಂತ. ನಕ್ಕು ಕೈಮುಗಿದ್ರು. ಅವರ ಪಾದ್ರಿ ಬಂದು ಗಾಡಿ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು, ಎಲ್ಲರೂ ಒಂದು ಹಾಡು ಹೇಳಿದ್ರು, ಅಷ್ಟೇ. ಆ ಗಾಡಿ ಹತ್ರ ಬಿಯರಿನ ವಾಸನೇನೂ ಹೋಗಿಲ್ಲ.”

ಹೊಸ ಗಾಡಿ ಎಂದ ಮೇಲೆ ಚಾಲ್ಯಾ ಆಗಿಯೇ ಇರುತ್ತದೆ. ಬೆನಿತಾ ಅದನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಎಲಿಯೇಸರ್‌ನ ಬೈಕನ್ನು ಪೊಲೀಸ್ ಠಾಣೆಯ ಅಂಗಳದಲ್ಲಿ ನೋಡಿದ್ದಳು. ಟ್ಯಾಂಕಿನ ತುಂಬ ನೀರಿತ್ತು. ಎರಡು ದಿನ ಹೊಳೆಯಲ್ಲಿ ಮುಳುಗಿದ್ದ ಗಾಡಿಯಲ್ಲಿ ನೀರಲ್ಲದೆ ಇನ್ನೇನಿರುತ್ತದೆ? ಆ ನೀರನ್ನೂ ಈ ಎರಡು ಬಾಟಲಿಯ ನೀರಿನ ಜೊತೆ ಸೇರಿಸಿ ಒಂದೇ ಲೆಕ್ಕ ಮಾಡಿಬಿಟ್ಟಿದ್ದಳು.

ಬಿದ್ದ ಎರಡು ಗಾಡಿಗಳ ಗುಟ್ಟು ತಿಳಿದಿತ್ತು. ಕೊಂದ ಗಾಡಿಯದಲ್ಲ.

ಈ ಹೆಸರನ್ನು ಫೋನು ಬರುವ ಮುಂಚೆ ಹೇಳಿದ್ದರೆ ಎನ್ನುವುದು ಅವಳ ಎದೆಗೆ ಬಂದು ಕುಳಿತಿತು. ಮುದುಕನ ಮೇಲೆ ಕರುಣೆ ತೋರಿಸಲು ಹೋಗಿ ನುಂಗಿಕೊಂಡ ಹೆಸರು ಅದು.

“ಏನಾಯ್ತು ಮಗಳೇ? ಮುಖ ಯಾಕೆ ಹಾಗಾಯ್ತು?”

“ಅಡೆಮಾರ್ ಗಾಡಿಗಳನ್ನ ಲಾರಿಯಿಂದ ಇಳಿಸೋವಾಗ ನೀವು ಅಲ್ಲಿರ್ತೀರಾ?”

“ನಾನಿಲ್ದೆ ಅವನು ಒಂದು ಪೆಟ್ಟಿಗೇನೂ ಇಳಿಸಲ್ಲ. ಹಗ್ಗ ಬಿಚ್ಚೋಕೂ ಬರಲ್ಲ ಅವನಿಗೆ.”

“ಹಿಲಾರಿಯೋ, ಪ್ರುದೆನ್ಸಿಯಾ, ಮೇಷ್ಟ್ರು. ಮೂರೂ ಒಟ್ಟಿಗೇ ಬಂದವಾ?”

ಕುಸ್ತೋದಿಯೋ ಕಣ್ಣು ಮುಚ್ಚಿ ನೆನಪಿಸಿಕೊಂಡ. “ಇಲ್ಲ. ಮಳೆಗೆ ಮುಂಚೆ ಒಂದು ದೊಡ್ಡ ಲೋಡು ಬಂತು. ಊರಲ್ಲಿ ಓಡ್ತಿರೋದೆಲ್ಲ ಅದೇ. ಹಿಲಾರಿಯೋದು, ಪ್ರುದೆನ್ಸಿಯಾದು ಅದರಲ್ಲೇ ಬಂದಿದ್ದು. ಮೇಷ್ಟ್ರದು ಆಮೇಲೆ ಬಂತು, ಒಂದು ಸಣ್ಣ ಲಾರೀಲಿ. ಅವತ್ತು ಅಡೆಮಾರ್ ನನಗೆ ಪೆಟ್ಟಿಗೆ ಒಡೆಯೋಕೆ ಬಿಡಲಿಲ್ಲ, ನಾನೇ ಮಾಡ್ಕೋತೀನಿ ಅಂದ. ಎರಡೇ ಪೆಟ್ಟಿಗೆ ಇದ್ದಿದ್ದು.”

“ಎರಡನೇದು ಯಾರಿಗೆ ಮಾರಿದ?”

“ಆ ಹಳದಿ ಗಾಡಿ...” ಎಂದ ಮುದುಕ. ಅವನ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ನಿಂತಿತು.

ಬೆನಿತಾ ಆರ್ಮಿಂದಾಳ ನಂಬರು ಒತ್ತಿದಳು. ರಿಂಗ್ ಆಗಲಿಲ್ಲ. ಮತ್ತೆ ಒತ್ತಿದಳು.

“ಈಗ ಎಲ್ಲಿರ್ತಾಳೆ?”

“ನೀನು ಹೂಂ ಅಂದಾಗಲೇ ಹೊರಟಳಲ್ಲ,” ಎಂದ ಕುಸ್ತೋದಿಯೋ. “ಈಗ ಹೊಳೆಗೆ ಇಳೀತಿರ್ತಾಳೆ.”